ತೈನಾನ್‌ನ ಐದಂತಸ್ತಿನ ಅಂಗಡಿ: ಲಿಫ್ಟ್ ಬಿಡಿ, ಮೆಟ್ಟಿಲು ಹತ್ತಿ

ಮೊದಲು ರೂಮಿನ ಕಥೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ.

ತೈವಾನಿನ ತೈನಾನ್ ಊರಲ್ಲಿ ಹಳೆ ಮನೆಗಳನ್ನು ರಿಪೇರಿ ಮಾಡಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ. ನಾವು ನೋಡಿದ ಫೋಟೋದಲ್ಲಿ ಮರದ ಚೌಕಟ್ಟಿನ ಕಿಟಕಿ, ಅದಕ್ಕೊಂದು ಬಿಳಿ ಪರದೆ, ಪರದೆಯ ಹಿಂದೆ ಎಳೆ ಬೆಳಕು. ನಮ್ಮನೆಯವರು ಮರುಳಾದರು. ಶನಿವಾರ ಅಂತ ದರ ಬೇರೆ ಜಾಸ್ತಿ, 3,600 ತೈವಾನ್ ಡಾಲರ್. ನಾವು ಹೋದಾಗ ಒಂದು ಡಾಲರಿಗೆ ಮೂರು ರೂಪಾಯಿಗಿಂತ ಸ್ವಲ್ಪ ಕಮ್ಮಿ ಇತ್ತು, ನೀವೇ ಲೆಕ್ಕ ಹಾಕಿ. ರಾತ್ರಿ ರೂಮಿಗೆ ಹೋಗಿ ಪರದೆ ಸರಿಸಿದರೆ ಎದುರಿಗೆ ಗಾರೆ ಬಳಿದ ಗೋಡೆ! ಬೆಳಕು ಬರುತ್ತಿದ್ದದ್ದು ಚೌಕಟ್ಟಿನೊಳಗೆ ಅಡಗಿಸಿಟ್ಟಿದ್ದ ಟ್ಯೂಬ್‌ಲೈಟಿನಿಂದ. ಬೆಳಗಾಯಿತೋ ಇಲ್ಲವೋ ಅಂತ ತಿಳಿಯಲು ಮೊಬೈಲ್ ನೋಡಬೇಕಿತ್ತು. ಆ ದೇಶದಲ್ಲಿ ಕಿಟಕಿ ಇಲ್ಲದ ರೂಮು ಸಾಮಾನ್ಯ ಅಂತ ಆಮೇಲೆ ಗೊತ್ತಾಯಿತು. ಆದ್ದರಿಂದ ಬುಕ್ ಮಾಡುವ ಮುಂಚೆ ಕಿಟಕಿ ಇದೆಯಾ ಅಂತ ಕೇಳಿ. ಇದೆ ಅಂದರೆ, ಅದರಾಚೆ ಏನಿದೆ ಅಂತಲೂ ಕೇಳಿ. ಶುಕ್ರವಾರ, ಶನಿವಾರ ರಾತ್ರಿ ಆ ಊರಲ್ಲಿ ಉಳಿಯದೇ ಇದ್ದರೆ ಇನ್ನೂ ಒಳ್ಳೆಯದು.

ನಾವು ಅಲ್ಲಿಗೆ ಹೋಗಿದ್ದು ಅಕ್ಕನ ಮಗನ ದೆಸೆಯಿಂದ. ಅಲ್ಲಿನ ಚೆಂಗ್ ಕುಂಗ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. "ಚಿಕ್ಕಮ್ಮ, ತೈಪೆ ಬಿಡಿ, ಬೆಂಗಳೂರಿನ ಥರ. ಇದು ಮೈಸೂರಿನ ಥರ" ಅಂದಿದ್ದ. ತಮಾಷೆಗೆ ಹೇಳಿದ್ದಲ್ಲ ಅದು. ತೈಪೆಗಿಂತ ಮುಂಚೆ ಸುಮಾರು ಇನ್ನೂರು ವರ್ಷ ಆ ದ್ವೀಪದ ರಾಜಧಾನಿ ಆಗಿದ್ದದ್ದು ಇದೇ ಊರು. ಆಮೇಲೆ ಪಟ್ಟ ಕೈಬಿಟ್ಟು ಹೋಯಿತು. ಹಾಗಾಗಿಯೋ ಏನೋ, ಊರಿಗೆ ಅವಸರವಿಲ್ಲ. ಮತ್ತೆ ಎಲ್ಲದಕ್ಕೂ ಒಂದು ಚಮಚ ಸಕ್ಕರೆ ಜಾಸ್ತಿ.

ನಾನು ನೋಡಲೇಬೇಕು ಅಂತ ಹಟ ಹಿಡಿದಿದ್ದು ಹಯಾಶಿ ಡಿಪಾರ್ಟ್‌ಮೆಂಟ್ ಸ್ಟೋರ್. ಬೇರೆ ದೇಶಕ್ಕೆ ಹೋಗಿ ದೇವಸ್ಥಾನ, ಕೋಟೆ ಬಿಟ್ಟು ಅಂಗಡಿ ನೋಡುವುದಾ ಅಂತ ನಗಬೇಡಿ. ನಾನು ಚಿಕ್ಕವಳಿದ್ದಾಗ ಅಪ್ಪ ಮೈಸೂರಿನಿಂದ ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗಿನ ಲಿಫ್ಟ್ ಹತ್ತಿಸಿದ್ದರು. ಏನೂ ಕೊಳ್ಳಲಿಲ್ಲ, ಸುಮ್ನೆ ಮೇಲೆ ಹೋಗಿ ಕೆಳಗೆ ಬಂದೆವು. ತೈನಾನ್‌ನ ಹಳಬರಿಗೆ ಹಯಾಶಿ ಅಂದರೆ ಹಾಗೆಯೇ. ಊರಿಗೆ ಮೊದಲು ಲಿಫ್ಟ್ ಬಂದಿದ್ದೇ ಅದರೊಳಗೆ. ಜಪಾನಿನವರು ಆಳುತ್ತಿದ್ದ ಕಾಲ. 1932ರ ಡಿಸೆಂಬರ್ 5ರಂದು ಬಾಗಿಲು ತೆರೆಯಿತು. ಸುತ್ತ ಎಲ್ಲ ಒಂದೆರಡು ಅಂತಸ್ತಿನ ಮನೆಗಳಿದ್ದಾಗ ಇದೊಂದು ಎದ್ದು ನಿಂತಿತ್ತು. ಜನ ಜಪಾನಿ ಹೆಸರನ್ನು ಬದಿಗಿಟ್ಟು ತಮ್ಮ ಮಾತಿನಲ್ಲಿ 'ಐದಂತಸ್ತಿನ ಮನೆ' ಅಂತಲೇ ಕರೆದರು.

ಕಟ್ಟಿಸಿದವನ ಹೆಸರು ಹಯಾಶಿ ಹೋಇಚಿ, ಜಪಾನಿನಿಂದ ಬಂದು ಇಲ್ಲಿ ಬಟ್ಟೆ ವ್ಯಾಪಾರದಲ್ಲಿ ಮೇಲೆ ಬಂದವನು. ಅಂಗಡಿ ತೆರೆದ ಐದೇ ದಿನಕ್ಕೆ, ಡಿಸೆಂಬರ್ 10ಕ್ಕೆ, ತೀರಿಕೊಂಡ. ಕಾಯಿಲೆ ಬಿದ್ದಿದ್ದನಂತೆ. ಆಮೇಲೆ ಅಂಗಡಿ ನಡೆಸಿದ್ದು ಹೆಂಡತಿ ತೋಶಿ. ಈ ಸಂಗತಿ ಗೊತ್ತಾದ ಮೇಲೆ ಆ ಕಟ್ಟಡದ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳಲು ನನಗೆ ಯಾಕೋ ಮನಸ್ಸಾಗಲಿಲ್ಲ. ನಮ್ಮನೆಯವರು ಹನ್ನೊಂದು ತೆಗೆದರು.

ಹೋಗುವುದು ಸುಲಭ. ಹೈಸ್ಪೀಡ್ ರೈಲಿನ ತೈನಾನ್ ಸ್ಟೇಷನ್ ಊರಾಚೆ ಎಲ್ಲೋ ಇದೆ. ಅಲ್ಲಿ ಟ್ಯಾಕ್ಸಿ ಹತ್ತಿ ದುಡ್ಡು ಕಳೆಯಬೇಡಿ. ಅದಕ್ಕೆ ಅಂಟಿಕೊಂಡೇ ಶಾಲುನ್ ಅನ್ನುವ ಸಣ್ಣ ಸ್ಟೇಷನ್ ಇದೆ. ಅಲ್ಲಿಂದ ಲೋಕಲ್ ರೈಲು ಹಿಡಿದರೆ ಅರ್ಧ ಗಂಟೆಯೊಳಗೆ ಊರ ನಡುವೆ ಇಳಿಸುತ್ತದೆ. ಅಲ್ಲಿಂದ ಇಪ್ಪತ್ತು ನಿಮಿಷದ ನಡಿಗೆ. ದಾರಿಯಲ್ಲಿ ಒಂದು ದೊಡ್ಡ ಸರ್ಕಲ್ ಬರುತ್ತದೆ. 1947ರಲ್ಲಿ ತಾಂಗ್ ತೆ-ಚಾಂಗ್ ಅನ್ನುವ ವಕೀಲರನ್ನು ಗುಂಡಿಟ್ಟು ಕೊಂದದ್ದು ಅಲ್ಲೇ, ಈಗ ಅವರ ಹೆಸರಿನ ಪಾರ್ಕು. ಪಕ್ಕದ ಹಳೆ ಸರ್ಕಾರಿ ಕಟ್ಟಡದಲ್ಲಿ ಈಗ ಸಾಹಿತ್ಯ ಮ್ಯೂಸಿಯಂ. ಸರ್ಕಲ್ಲಿನಿಂದ ಜೋಂಗ್‌ಜೆಂಗ್ ರಸ್ತೆ ಹಿಡಿದು ಐದು ನಿಮಿಷ ನಡೆದರೆ ಹಯಾಶಿ.

ನಡೆಯುವುದು ಅಂದೆನಲ್ಲ, ಅಲ್ಲೊಂದು ತೊಂದರೆ ಇದೆ. ಅಂಗಡಿಗಳ ಮುಂದೆ ಉದ್ದಕ್ಕೂ ಕಂಬದ ಪಡಸಾಲೆ, ಮಳೆ ಬಿಸಿಲಿಗೆ ನೆರಳು. ಆದರೆ ಆ ನೆರಳೆಲ್ಲ ಸ್ಕೂಟರುಗಳದ್ದು. ಎರಡು ಸ್ಕೂಟರಿನ ನಡುವೆ ತೂರಿ, ಮೆಟ್ಟಿಲು ಹತ್ತಿ, ಇಳಿದು, ಕೊನೆಗೆ ರಸ್ತೆಗೇ ಬೀಳುತ್ತೀರಿ. ಮಂಡಿ ನೋವಿನವರು ಹಗಲು ಹೊತ್ತು ಜಾಸ್ತಿ ನಡೆಯುವ ಪ್ಲಾನ್ ಹಾಕಬೇಡಿ.

ಹಯಾಶಿ ತೆರೆಯುವುದು ಬೆಳಿಗ್ಗೆ 11ಕ್ಕೆ. ನಾವು ಭಾನುವಾರ ಮಧ್ಯಾಹ್ನ ಹೋಗಿ ತಪ್ಪು ಮಾಡಿದೆವು. ಒಳಗೆ ದಸರೆಯ ಜನ. ನೆಲಮಹಡಿಯಲ್ಲಿ ಬಿಸ್ಕತ್ತು, ಟೀಪುಡಿ, ಉಡುಗೊರೆ ಡಬ್ಬಿಗಳು. ಮೇಲಕ್ಕೆ ಹೋದಂತೆ ಬಟ್ಟೆ, ಚೀಲ, ಪಿಂಗಾಣಿ, ಎಲ್ಲ ಸ್ಥಳೀಯರು ಮಾಡಿದ್ದು. ಚೆನ್ನಾಗಿವೆ, ಆದರೆ ಅಗ್ಗದ ಅಂಗಡಿಯಲ್ಲ. ಶಾಪಿಂಗ್ ಅಂತ ಹೋದವರಿಗೆ ನಿರಾಸೆ ಆಗಬಹುದು. ನೋಡಬೇಕಾದ್ದು ಸಾಮಾನಲ್ಲ, ಕಟ್ಟಡ.

ಲಿಫ್ಟಿಗೆ ಉದ್ದನೆ ಕ್ಯೂ. ಬಾಗಿಲ ಮೇಲೆ ಅರ್ಧಚಂದ್ರದ ಹಾಗೆ ಒಂದು ಫಲಕ, ಅದರಲ್ಲಿ ಅಂಕಿಗಳು, ಗಡಿಯಾರದ ಮುಳ್ಳಿನಂಥ ಮುಳ್ಳು. ಲಿಫ್ಟ್ ಎಲ್ಲಿದೆಯೋ ಮುಳ್ಳು ಅಲ್ಲಿಗೆ ತಿರುಗುತ್ತದೆ. ಒಂದು ಸಲಕ್ಕೆ ನಾಲ್ಕೈದು ಜನಕ್ಕಿಂತ ಹಿಡಿಯುವುದಿಲ್ಲ. ಮುಳ್ಳು ಮೂರರಲ್ಲಿ ನಿಂತರೆ ಕ್ಯೂನಲ್ಲಿದ್ದವರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಡುತ್ತಾರೆ. ನಮ್ಮನೆಯವರು ಹತ್ತಿಯೇ ತೀರುತ್ತೇನೆ ಅಂತ ನಿಂತರು. ನನಗೆ ಜನಜಂಗುಳಿ ಅಂದರೆ ತಲೆನೋವು, ಮೆಟ್ಟಿಲು ಹಿಡಿದೆ.

ಅದೇ ಲಾಭವಾಯಿತು. ಮೆಟ್ಟಿಲಿಗೆ ಹಾಕಿರುವುದು ನಮ್ಮ ಹಳೆ ಮನೆಗಳ ಮೊಸಾಯಿಕ್ ನೆಲದಂಥದ್ದೇ, ತಣ್ಣಗೆ, ನುಣುಪಾಗಿ. ತಿರುವಿನಲ್ಲಿ ಕಿಟಕಿ (ನಿಜವಾದ ಕಿಟಕಿ!), ಅದರಿಂದ ಎದುರಿನ ಬ್ಯಾಂಕಿನ ದಪ್ಪ ಕಂಬಗಳ ಸಾಲು ಕಾಣುತ್ತದೆ. ಒಬ್ಬರೂ ಅಡ್ಡ ಬರಲಿಲ್ಲ. ಮೇಲೆ ಹೋದರೆ ತಾರಸಿ. ತಾರಸಿಯ ಮೇಲೆ ಜಪಾನಿನವರ ಶಿಂಟೋ ಧರ್ಮದ ಒಂದು ಪುಟ್ಟ ಗುಡಿಯ ಜಾಗ. ಅಂಗಡಿಯವರಿಗೆ ಅಂತಲೇ 1933ರಲ್ಲಿ ಕಟ್ಟಿದ್ದು. ಈಗ ಗುಡಿ ಇಲ್ಲ, ಅದರ ಕಟ್ಟೆ ಮತ್ತು ಮುಂದಿನ ತೋರಿ ಕಮಾನು ಇದೆ. ಅಂಗಡಿ ಮಾಳಿಗೆ ಮೇಲೆ ದೇವರನ್ನು ಕೂರಿಸುವುದು ನಮಗೆ ಹೊಸದಲ್ಲ, ಅಲ್ವಾ? ಆದರೆ ಮುಂದಿನದ್ದು ನೋಡಿ ಸುಮ್ಮನಾದೆ. ಗೋಡೆಯಲ್ಲಿ ಗುಂಡಿನ ಗುರುತುಗಳು. 1945ರ ಮಾರ್ಚ್ 1ರಂದು ಅಮೆರಿಕದ ವಿಮಾನಗಳು ಊರಿನ ಮೇಲೆ ಬಾಂಬು ಹಾಕಿದಾಗ ಈ ಕಟ್ಟಡಕ್ಕೂ ಪೆಟ್ಟು ಬಿತ್ತು. ರಿಪೇರಿ ಮಾಡಿದವರು ಎಲ್ಲವನ್ನೂ ಮೆತ್ತಿಬಿಡದೆ ಕೆಲವನ್ನು ಹಾಗೇ ಬಿಟ್ಟಿದ್ದಾರೆ. ಬೆರಳು ಇಳಿಯುವಷ್ಟು ಆಳ, ಸುತ್ತ ಒಡೆದ ಅಂಚು.

ಯುದ್ಧ ಮುಗಿದು ಜಪಾನಿನವರು ಹೋದ ಮೇಲೆ ಅದು ಅಂಗಡಿಯಾಗಿ ಉಳಿಯಲಿಲ್ಲ. ಉಪ್ಪಿನ ಕಾರ್ಖಾನೆಯ ಕಚೇರಿ ಬಂತು, ವಾಯುಪಡೆ ಬಂತು, ಪೊಲೀಸರು ಬಂದರು. ಆಮೇಲೆ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. 1998ರಲ್ಲಿ ಪಾರಂಪರಿಕ ಕಟ್ಟಡ ಅಂತ ಘೋಷಿಸಿದರು. ಮತ್ತೆ ಅಂಗಡಿಯಾಗಿ ತೆರೆದದ್ದು 2014ರ ಜೂನ್‌ನಲ್ಲಿ. ನಾನು ಇಷ್ಟೆಲ್ಲ ಓದಿ, ಗಾಳಿ ಕುಡಿದು, ಕೂತು ಎದ್ದ ಮೇಲೆ ನಮ್ಮನೆಯವರು ಲಿಫ್ಟಿನಿಂದ ಹೊರಬಂದರು. ಇಪ್ಪತ್ತೈದು ನಿಮಿಷ ಕ್ಯೂ, ಅರ್ಧ ನಿಮಿಷ ಪ್ರಯಾಣ. "ಹೇಗಿತ್ತು?" ಅಂದೆ. "ಲಿಫ್ಟಿನ ಹಾಗಿತ್ತು" ಅಂದರು.

ನಿಮಗೂ ಗುಂಪು ಆಗದಿದ್ದರೆ ವಾರದ ದಿನ 11ಕ್ಕೆ ಸರಿಯಾಗಿ ಹೋಗಿ, ಇಲ್ಲವೇ ರಾತ್ರಿ 8ರ ಮೇಲೆ. ನಾವು ಬುಧವಾರ ರಾತ್ರಿ ಮತ್ತೊಮ್ಮೆ ಹೋದಾಗ ತಾರಸಿಯಲ್ಲಿ ನಾವು ಮತ್ತೆ ಒಂದು ಕಾಲೇಜು ಜೋಡಿ, ಅಷ್ಟೇ. ಬೇಸಿಗೆಯಲ್ಲಿ ಹೋದರೆ ಎದುರಿನ ಬ್ಯಾಂಕಿನ ಕಂಬಗಳ ಕೆಳಗೆ ನಿಂತು ತಲೆ ಎತ್ತಿ ನೋಡಿ. 1937ರ ಕಟ್ಟಡ, ಚಾವಣಿ ತುಂಬ ಬಾನಕ್ಕಿ ಗೂಡುಗಳು. ಆದರೆ ಸರಿಯಾಗಿ ಗೂಡಿನ ಕೆಳಗೆ ನಿಲ್ಲಬೇಡಿ.

ಈಗ ಊಟ. ತೈನಾನ್ ತಿಂಡಿಗೆ ಹೆಸರಾದ ಊರು, ಆದರೆ ಆ ಹೆಸರೆಲ್ಲ ಸೀಗಡಿ, ಹಂದಿ, ಮೀನಿನದ್ದು. ನಮ್ಮಂಥ ಸಸ್ಯಾಹಾರಿಗಳು ಬೋರ್ಡಿನ ಮೇಲೆ ಸ್ವಸ್ತಿಕ ಹುಡುಕಬೇಕು. ನಮ್ಮದಕ್ಕೆ ತಿರುವುಮುರುವಾಗಿ ಇರುತ್ತದೆ, ಬೌದ್ಧರ ಗುರುತು. ಹಯಾಶಿಯಿಂದ ಹಿಂದಿನ ಓಣಿಗಳಲ್ಲಿ ತಿರುಗುವಾಗ ಅಂಥದ್ದೊಂದು ಸಿಕ್ಕಿತು. ಸ್ಟೀಲ್ ಟ್ರೇಗಳಲ್ಲಿ ಇಪ್ಪತ್ತೈದು ಮೂವತ್ತು ಪಲ್ಯ. ಕಾಗದದ ಡಬ್ಬಿ ಹಿಡಿದು, ಇಕ್ಕಳದಲ್ಲಿ ಬೇಕಾದ್ದು ಹಾಕಿಕೊಂಡು, ಕೊನೆಯಲ್ಲಿ ಕೂತ ಅಮ್ಮನ ತಕ್ಕಡಿಯ ಮೇಲಿಟ್ಟರೆ ತೂಕಕ್ಕೆ ತಕ್ಕ ದುಡ್ಡು. ಟ್ರೇಗಳ ಮುಂದೆ ನಿಂತು ನನಗೆ ಕಣ್ಣು ತುಂಬಿ ಬಂತು. ಗೆಣಸಿನ ಸೊಪ್ಪು! ತುಪ್ಪದ ಹೀರೆಕಾಯಿ, ಶುಂಠಿ ಹಾಕಿದ್ದು. ಹಾಗಲಕಾಯಿ. ಕಳಲೆ. ಮೂರು ಥರದ ತೋಫು, ಅದರಲ್ಲೊಂದು ಥೇಟ್ ಮೀನಿನ ಆಕಾರ, ಅದನ್ನು ನಾನು ಮುಟ್ಟಲಿಲ್ಲ. ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ, ಅವರಲ್ಲಿ ಸಸ್ಯಾಹಾರ ಅಂದರೆ ಅದೂ ನಿಷಿದ್ಧ. ನಮ್ಮಜ್ಜಿ ಇದ್ದಿದ್ದರೆ ನಿರಾಳವಾಗಿ ಕೂತು ಊಟ ಮಾಡುತ್ತಿದ್ದರು. ಡಬ್ಬಿ ತುಂಬ ಹಾಕಿಕೊಂಡರೂ 95 ಡಾಲರ್, ಕೆಂಪಕ್ಕಿ ಅನ್ನ ಸೇರಿ. ಸಾರು ಪುಕ್ಕಟೆ, ಎಷ್ಟು ಸಲ ಬೇಕಾದರೂ. ಎರಡನೇ ದಿನ ಆ ಅಮ್ಮ ನನ್ನ ಡಬ್ಬಿ ತೂಗಿದ ಮೇಲೆ ಇನ್ನೊಂದು ಇಕ್ಕಳ ಗೆಣಸಿನ ಸೊಪ್ಪು ಹಾಕಿಕೊಟ್ಟರು. ಐದು ದಿನದಲ್ಲಿ ನಾಲ್ಕು ಸಲ ಅಲ್ಲೇ ಉಂಡೆವು. ಮಧ್ಯಾಹ್ನ ಒಂದೂವರೆ ಕಳೆದರೆ ಟ್ರೇ ಖಾಲಿ, ರಾತ್ರಿ ಏಳಕ್ಕೆ ಬಾಗಿಲು. ಇಂಥ ಕಡೆ ಎಲ್ಲ ಹೀಗೆಯೇ, ಬೇಗ ಹೋಗಬೇಕು.

ಜೋಂಗ್‌ಜೆಂಗ್ ರಸ್ತೆಯಲ್ಲೇ ಪಶ್ಚಿಮಕ್ಕೆ ಮುಂದುವರಿಯಿರಿ. ಆ ಒಂದು ರಸ್ತೆಯ ಸುತ್ತಮುತ್ತ ಊರಿನ ಅಂಗಡಿಗಳ ಇತಿಹಾಸವೆಲ್ಲ ಸಿಗುತ್ತದೆ. ಬಲಗಡೆ ಒಳಗೆ ಹೋದರೆ ಪಶ್ಚಿಮ ಮಾರುಕಟ್ಟೆ. ಊರಿನವರ ಬಾಯಲ್ಲಿ ಅದು ದೊಡ್ಡ ತರಕಾರಿ ಮಾರ್ಕೆಟ್ಟು, ಆದರೆ ಅಲ್ಲಿ ಹೆಸರಾದದ್ದು ಬಟ್ಟೆ ಅಂಗಡಿಗಳು. ನೆಲದಿಂದ ಮಾಡಿನವರೆಗೂ ಥಾನುಗಳು, ನಡುವೆ ಕನ್ನಡಕ ಹಾಕಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತ ಅಜ್ಜಿ. ಹಳೆ ಕಾಲದ ಅಂಗಡಿಯ ವಾಸನೆ ಬೇಕು ಅನ್ನುವವರಿಗೆ ಹಯಾಶಿಗಿಂತ ಈ ಓಣಿಯೇ ವಾಸಿ. ಅಲ್ಲೇ ಹತ್ತಿರ ಒಂದು ಪಾತ್ರೆ ಪಗಡಿ ಅಂಗಡಿಯಲ್ಲಿ ಕೆಂಪು, ನೀಲಿ, ಹಸಿರು ಪಟ್ಟೆಯ ನೈಲಾನ್ ಚೀಲ ಕೊಂಡೆ. ನಮ್ಮ ಪ್ಲಾಸ್ಟಿಕ್ ವೈರ್ ಬ್ಯಾಗಿನ ಚಿಕ್ಕಪ್ಪನ ಮಗಳು ಅನ್ನಬಹುದು. ಅಲ್ಲಿನವರು ಸಂತೆಗೆ ಒಯ್ಯುವ ಚೀಲ. 60 ಡಾಲರ್, ಈಗ ದೇವರಾಜ ಮಾರುಕಟ್ಟೆಗೆ ಅದನ್ನೇ ಒಯ್ಯುತ್ತೇನೆ.

ದಕ್ಷಿಣಕ್ಕೆ ಹೋದರೆ ಮಿತ್ಸುಕೋಶಿ ಅನ್ನುವ ದೊಡ್ಡ ಮಾಲ್. ಹಿಂದೆ ಅಲ್ಲಿ ಜೈಲಿತ್ತು ಅನ್ನುವುದು ಬಿಟ್ಟರೆ ಎಲ್ಲ ಮಾಲ್‌ಗಳ ಹಾಗೆ. ಏಸಿ ಬೇಕಾದರೆ ಹೋಗಿ.

ಜೋಂಗ್‌ಜೆಂಗ್ ರಸ್ತೆ ಮುಗಿಯುವ ಕಡೆ ನನಗೆ ಅತಿ ಇಷ್ಟವಾದ ಜಾಗ. 1983ರಲ್ಲಿ ಅಲ್ಲಿ ಚೈನಾಟೌನ್ ಅಂತ ದೊಡ್ಡ ಶಾಪಿಂಗ್ ಸೆಂಟರ್ ಕಟ್ಟಿದರು. ಒಂದಷ್ಟು ಕಾಲ ಮೆರೆಯಿತು, ಆಮೇಲೆ ಜನ ಬಿಟ್ಟರು. ಅದನ್ನು ಕೆಡವಿ, ಅದರ ನೆಲಮಾಳಿಗೆಯ ಪಾರ್ಕಿಂಗ್ ಜಾಗವನ್ನೇ 2020ರಲ್ಲಿ ನೀರಿನ ಕೊಳ ಮಾಡಿದ್ದಾರೆ. ಕಾಂಕ್ರೀಟ್ ಕಂಬ, ತೊಲೆಗಳು ಹಾಳುಬಿದ್ದ ಗುಡಿಯ ಹಾಗೆ ನಿಂತಿವೆ. ಮಧ್ಯೆ ಪಾದ ಮುಳುಗುವಷ್ಟು ನೀರು, ಅದರಲ್ಲಿ ಮಕ್ಕಳ ಗಲಾಟೆ. ಟಿಕೆಟ್ಟಿಲ್ಲ. ಸಂಜೆ ಸೀರೆ ಸ್ವಲ್ಪ ಎತ್ತಿ ಹಿಡಿದು ನಾನೂ ಇಳಿದೆ. ಜನ ಇದ್ದರು, ಆದರೆ ಅಷ್ಟು ಜನ ನನಗೂ ಸಹ್ಯ.

ಬಸ್ಸಿನ ಪಾಠ ಒಂದು ಬಾಕಿ ಇದೆ. ಊರಿನ ಹಳೆ ಬಂದರು ಆನ್‌ಪಿಂಗ್ ಕಡೆ ಹೋಗಲು ಸ್ಟಾಪಿನಲ್ಲಿ ಅರ್ಧ ಗಂಟೆ ಕಾದೆವು. ಚಾವಣಿ ಇಲ್ಲ, ಸುಡು ಬಿಸಿಲು. ಬಸ್ಸು ಬಂತು, ನಮ್ಮನ್ನು ನೋಡಿತು, ಹೋಯಿತು. ಮುಂದಿನದಕ್ಕೆ ಮತ್ತೆ ನಲವತ್ತು ನಿಮಿಷ. ಅಕ್ಕನ ಮಗನಿಗೆ ಫೋನ್ ಮಾಡಿ ಕೂಗಾಡಿದರೆ ಅವನು ನಕ್ಕ. "ಕೈ ಅಡ್ಡ ಹಿಡಿದಿರಾ ಚಿಕ್ಕಮ್ಮ? ಇಲ್ಲಿ ಕೈ ತೋರಿಸದಿದ್ದರೆ ನಿಲ್ಲಿಸಲ್ಲ." ನಮ್ಮೂರಲ್ಲಿ ಹಳ್ಳಿ ಬಸ್ಸಿಗೆ ಮಾಡುವುದನ್ನು ಅಷ್ಟು ದೂರ ಹೋಗಿ ಮರೆತಿದ್ದೆವು. ದೂರದಿಂದಲೇ ಕೈ ಬೀಸಿ, ನಾಚಿಕೆ ಬೇಡ.

ಆ ಬಿಸಿಲಿನ ಮಧ್ಯಾಹ್ನ ಒಂದು ಗೂಡಂಗಡಿಯಲ್ಲಿ ಕಂದು ಬಣ್ಣದ ತಣ್ಣನೆ ಪಾನಕ ಕುಡಿದೆವು. ಟೀ ಅಂತ ಬರೆದಿತ್ತು, ಟೀ ಅಲ್ಲ. ಬೆಲ್ಲ ಸ್ವಲ್ಪ ಸೀದಂಥ ಘಮ. ಏನಿದು ಅಂದರೆ ಅಂಗಡಿಯವನು ಒಳಗಿನಿಂದ ಎತ್ತಿ ತಂದು ತೋರಿಸಿದ್ದು ಬೂದುಗುಂಬಳಕಾಯಿ! ಸಕ್ಕರೆ ಹಾಕಿ ಗಂಟೆಗಟ್ಟಲೆ ಕುದಿಸಿ ಇಂಗಿಸುತ್ತಾರಂತೆ. ಇಟ್ಟಿಗೆಯ ಹಾಗೆ ಅಚ್ಚು ಕಟ್ಟಿದ್ದೂ ಸಿಗುತ್ತದೆ. ಅಂಥದ್ದು ಎರಡು ತಂದೆ. ಹಯಾಶಿ ಚೀಟಿಯ ಬಿಸ್ಕತ್ತು ಡಬ್ಬಿಗಿಂತ ಅದಕ್ಕೇ ಮನೆಯಲ್ಲಿ ಕಿತ್ತಾಟ. ಒಂದು ಅಚ್ಚನ್ನು ನೀರಿಗೆ ಹಾಕಿ ಕುದಿಸಿ ಪಕ್ಕದ ಮನೆಯವರಿಗೆ ಕೊಟ್ಟೆ. ಲೋಟ ಮುಗಿಸಿ, "ಚೆನ್ನಾಗಿದೆ ಕಣ್ರೀ, ಕಾಶಿ ಹಲ್ವ ತೊಳೆದ ನೀರಾ?" ಅಂದರು.