ಮಿಡಿ ಕೊಯ್ಲಿನ ಹೊತ್ತಿಗೆ ರಿಪ್ಪನ್‌ಪೇಟೆ ಕಡೆ

ಶಿವಮೊಗ್ಗ ಜಿಲ್ಲೆಯ ಆಯನೂರು, ಕುಂಸಿ ದಾಟಿ ಆನಂದಪುರದಲ್ಲಿ ಎಡಕ್ಕೆ ಹೊರಳಿದೆವು. ಫೆಬ್ರವರಿ ಕೊನೆ. ರಿಪ್ಪನ್‌ಪೇಟೆಯಲ್ಲಿ ಉಪ್ಪಿನಕಾಯಿಯ ಮಿಡಿ ಬರತೊಡಗಿತ್ತು. ಅಪ್ಪೆಮಿಡಿಯನ್ನು ತೂಗುವುದಿಲ್ಲ, ಎಣಿಸಿ ಮಾರುತ್ತಾರೆ. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಈ ಮಾವಿನ ಬೆಲೆ ಪರಿಮಳದ ಮೇಲೆ ನಿಂತಿದೆ.

ನಾವು ಹೋದದ್ದು ಹೊಳೆಯಂಚಿನ ಒಂದು ತೋಟಕ್ಕೆ. ಯಜಮಾನರು ಒಂದು ಮಿಡಿಯ ತೊಟ್ಟು ಮುರಿದರು. ಚಿಳ್ಳನೆ ಸೊನೆ ಚಿಮ್ಮಿತು, ಜೀರಿಗೆಯ ಘಮ ಮೂಗಿಗೆ ಅಡರಿತು. "ಕೈ ಒರೆಸ್ಕೊಳ್ಳಿ ಮಾರಾಯ್ರೆ, ಚರ್ಮ ಸುಡ್ತದೆ" ಎಂದರು. ಆ ಸೊನೆಯೇ ಅಪ್ಪೆಯ ಜೀವ. ಅದಕ್ಕೇ ತೊಟ್ಟು ಸಮೇತ ಕೊಯ್ದು, ನೆಲಕ್ಕೆ ಬೀಳಿಸದೆ, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸುತ್ತಾರೆ. ಪೆಟ್ಟು ಬಿದ್ದ ಮಿಡಿ ಭರಣಿಯಲ್ಲಿ ಮೆತ್ತಗಾಗುತ್ತದೆ. ಹರಳುಪ್ಪಿನಲ್ಲಿ ನೀರು ಬಿಟ್ಟು ಮುರುಟಿದ ಮೇಲೆ ಸಾಸಿವೆ, ಮೆಣಸಿನ ಖಾರ ಬೆರೆಸಿದರಾಯಿತು, ಎಣ್ಣೆಯ ಹಂಗೇ ಇಲ್ಲ.

ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ, ಕರ್ಪೂರದ ವಾಸನೆಯವು, ಹೀಗೆ ಮಲೆನಾಡಿನಲ್ಲಿ ಒಂದೊಂದು ಮರಕ್ಕೂ ಒಂದೊಂದು ಹೆಸರು. ಶರಾವತಿ, ಅಘನಾಶಿನಿ, ವರದಾ ಹೊಳೆಗಳ ದಂಡೆಯಲ್ಲಿ ತಾವಾಗಿಯೇ ಹುಟ್ಟಿದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಶರಾವತಿ ಕಣಿವೆಯ ಊರುಗಳೇ ಮುಳುಗಿದವು. ಅಲ್ಲಿನ ಮರಗಳ ಹೆಸರು ಕೇಳುವವರು ಯಾರು?

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಎಳೆಯದರಲ್ಲೇ ಮಿಡಿಯೆಲ್ಲ ಕೊಯ್ದರೆ ಮರದಡಿ ಗೊರಟು ಬೀಳುವುದೇ ಇಲ್ಲ, ಸಸಿ ಹುಟ್ಟುವುದೆಲ್ಲಿಂದ? ಹುಟ್ಟಿದರೂ ತಾಯಿಮರದ ಗುಣ ಬರುತ್ತದೆಂಬ ಭರವಸೆಯಿಲ್ಲ, ಬೇರೆ ಮರದ ಪರಾಗ ಬೆರೆತಿರುತ್ತದೆ. ಮರ ಹತ್ತುವವರು ಸಿಗದೆ ಕೊಂಬೆಯನ್ನೇ ಕಡಿದುರುಳಿಸಿದ್ದನ್ನು ದಾರಿಯಲ್ಲಿ ಕಂಡು ಹೊಟ್ಟೆ ಉರಿಯಿತು. ನಾಳಿನ ಫಸಲನ್ನೇ ಕಡಿದಂತೆ ಅದು.

ಉಳಿದ ದಾರಿ ಕಸಿ. ಯಜಮಾನರು ಹಳೆಯ ಮರದ ಬಲಿತ ಕುಡಿಯನ್ನು ಬೆಣೆಯಂತೆ ಕೆತ್ತಿ, ಕಾಟುಮಾವಿನ ಸಸಿಯ ಸೀಳಿಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು ತೋರಿಸಿದರು. ಎರಡರ ಸಿಪ್ಪೆಯೂ ಒಂದು ಪಕ್ಕಕ್ಕಾದರೂ ಸರಿಯಾಗಿ ಕೂಡಬೇಕು, ಇಲ್ಲವಾದರೆ ಕುಡಿ ಒಣಗುತ್ತದೆ. ತೇವ ಆರದಂತೆ ಮೇಲೊಂದು ಕವರ್ ಇಳಿಬಿಟ್ಟರು. ಪ್ರತಿ ಗಿಡಕ್ಕೂ ತಾಯಿಮರದ ಹೆಸರು ಬರೆದ ಚೀಟಿ.

ನಾನು ಜೀರಿಗೆ ಅಪ್ಪೆಯ ಗಿಡ ಕೇಳಿದೆ. "ಈಗ ಬಿಸಿಲು, ಬದುಕೋದಿಲ್ಲ. ಮಳೆ ಹಿಡಿದ ಮೇಲೆ ಬನ್ನಿ, ಗುಂಡಿ ಮೊದಲೇ ತೆಗೆಸಿಡಿ" ಎಂದರು. ಜೂನ್‌ನಲ್ಲಿ ಮತ್ತೆ ಹೊರಡುತ್ತೇವೆ.