ಹಣೆಯ ಮೇಲಿನ ಬೂದಿ

ಇಂದು ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಮೊದಲ ದಿನ. ಬೆಳಗಿನ ಬಲಿಪೂಜೆಯಲ್ಲಿ ಗುರುಗಳು ನನ್ನ ಹಣೆಗೆ ಶಿಲುಬೆಯ ಗುರುತಿಟ್ಟು, ನೀನು ಮಣ್ಣು, ಮಣ್ಣಿಗೇ ಮರಳುವೆ ಎಂದರು. ಆರೇಳು ವರ್ಷದ ಹುಡುಗಿಗೂ ಊರುಗೋಲು ಹಿಡಿದು ಬಂದಿದ್ದ ಅಜ್ಜಿಗೂ ಅವರು ಹೇಳಿದ್ದು ಅದೇ ಮಾತನ್ನು. ಕಳೆದ ವರ್ಷ, ಯೇಸುವಿನ ಜೆರುಸಲೇಮ್ ಪ್ರವೇಶವನ್ನು ಎಲೆಗರಿ ಹಿಡಿದು ನೆನೆಯುವ ಗರಿಗಳ ಭಾನುವಾರದಂದು, ಜಯಘೋಷ ಮಾಡುತ್ತ ನಾವು ಹಿಡಿದು ನಡೆದ ಗರಿಗಳನ್ನೇ ಒಣಗಿಸಿ, ಸುಟ್ಟು ಈ ಬೂದಿಯನ್ನು ಮಾಡುತ್ತಾರೆ. ಆ ಮೆರವಣಿಗೆಯಲ್ಲಿ ಅಪ್ಪ ನನ್ನ ಪಕ್ಕದಲ್ಲಿದ್ದರು. ಅವರು ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟಿದ್ದ ಗರಿಯನ್ನು ಈ ಸಲ ನಾನೇ ದೇವಾಲಯಕ್ಕೆ ಒಪ್ಪಿಸಿ ಬಂದಿದ್ದೆ. ಪುನರುತ್ಥಾನದಲ್ಲಿ ನನಗೆ ದೃಢವಾದ ನಂಬಿಕೆಯಿದೆ, ಆದರೂ ಅಗಲಿಕೆ ನೋಯಿಸುತ್ತದೆ. ತಾವೇ ಬದುಕಿಸಲಿದ್ದ ಗೆಳೆಯ ಲಾಜರನ ಸಮಾಧಿಯ ಬಳಿ ಯೇಸುವೂ ಕಣ್ಣೀರು ಸುರಿಸಿದರಲ್ಲವೇ? ಈ ತಪಸ್ಸುಕಾಲ ಮುಗಿಯುವುದರೊಳಗೆ, ಅಪ್ಪ ಕೊನೆಯವರೆಗೂ ಮಾತು ಬಿಟ್ಟಿದ್ದ ಚಿಕ್ಕಪ್ಪನ ಮನೆಗೆ ನಾನು ಹೋಗಿಬರಬೇಕು.