ಮಿಂಚನ್ನೇ ಕೊಳೆ ಎಂದು ಒರೆಸಿದ ಪ್ರಿಸೆಟ್

ಹಳೇ ಫಿಲ್ಮನ್ನು ಸ್ಕ್ಯಾನ್ ಮಾಡಿ ಸಾಫ್ಟ್‌ವೇರ್‌ನಲ್ಲಿ ಶುಚಿ ಮಾಡಿಕೊಡುವುದು, ಎಂದರೆ ರೆಸ್ಟೋರೇಷನ್, ನಮ್ಮ ಕೆಲಸ. ಅಂಥ ಒಂದು ಚಿತ್ರದ ಕ್ಲೈಂಟ್ ರಿವ್ಯೂನಲ್ಲಿ ಮೂರನೇ ರೀಲ್ ಓಡುತ್ತಿತ್ತು. ನಡುರಾತ್ರಿ, ಹಳೇ ಬಂಗಲೆ, ಕಿಟಕಿ ಪಕ್ಕ ನಾಯಕಿ. ತೆರೆಯ ಮೇಲೆ ಏನೂ ಆಗಲಿಲ್ಲ, ಆದರೂ ಅವಳು ಚಿಟ್ಟನೆ ಚೀರಿದಳು. ಆಮೇಲೆ ಗುಡುಗು. "ಯಾಕೆ ಚೀರಿದಳು?" ಅಂತ ಲೈನಿನ ಆ ಕಡೆಯಿಂದ ಪ್ರಶ್ನೆ ಬಂತು. ಈ ಕಡೆ ಎಲ್ಲರೂ ಮ್ಯೂಟ್. ಆಪರೇಟರ್ ಒಂದೊಂದೇ ಫ್ರೇಮ್ ಹಿಂದಕ್ಕೆ ಮುಂದಕ್ಕೆ ಎಳೆಯುತ್ತಿದ್ದ. ಕಿಟಕಿ, ನಾಯಕಿ, ಕಿಟಕಿ, ನಾಯಕಿ. ರಾ ಸ್ಕ್ಯಾನ್ (ಶುಚಿ ಮಾಡುವ ಮುಂಚಿನದು) ತೆರೆದು ಪಕ್ಕದಲ್ಲಿ ಇಟ್ಟ ಮೇಲೆ ಉತ್ತರ ಕಂಡಿತು: ಅಲ್ಲಿ ಎರಡು ಫ್ರೇಮ್ ಮಿಂಚಿತ್ತು. ನಾವು ಅದನ್ನು ಕ್ಲೀನ್ ಮಾಡಿಬಿಟ್ಟಿದ್ದೆವು.

ಒಂದು ತಪ್ಪು ಕಣ್ಣಿಗೆ ಬಿದ್ದರೆ ಕ್ಲೈಂಟ್ ಕಣ್ಣು ಚುರುಕಾಗುತ್ತದೆ. ಅದೇ ಕೂತಲ್ಲಿ ಇನ್ನೊಂದು ಸಿಕ್ಕಿತು. ಬಾಗಿಲು ತೆರೆದು ಒಬ್ಬ ತೊಪ್ಪೆಯಾಗಿ ಒಳಗೆ ಬರುತ್ತಾನೆ, ಅವನ ಬೆನ್ನ ಹಿಂದಿನ ಅಂಗಳದಲ್ಲಿ ಒಂದು ಹನಿ ಮಳೆಯಿಲ್ಲ. ಆಗ ಮ್ಯಾನೇಜರ್ ಅನ್‌ಮ್ಯೂಟ್ ಮಾಡಿ "ಸೋರ್ಸ್ ಕಂಡೀಷನ್ ಪೂರ್ ಇದೆ" ಅಂದರು. ಕಂಡೀಷನ್ ಪೂರ್ ಇದ್ದದ್ದು ನಿಜ, ಆದರೆ ಪೂರ್ ಸೋರ್ಸಿನಲ್ಲಿ ಮಳೆ ಇತ್ತು. ಫೈನಲ್ ಫೈಲಿನಲ್ಲಿ ಇರಲಿಲ್ಲ.

ಎನ್‌ಡಿಎ (ಗೋಪ್ಯತೆಯ ಒಪ್ಪಂದ) ಇರುವುದರಿಂದ ಚಿತ್ರದ ಹೆಸರು ಹೇಳುವುದಿಲ್ಲ. ಜಾತಿ ಹೇಳಿದರೆ ಸಾಕು. 1930ರ ದಶಕದ ಮೊದಲ ವರ್ಷಗಳ ಹಾಲಿವುಡ್‌ನಲ್ಲಿ 'ಪಾವರ್ಟಿ ರೋ' ಅನ್ನಿಸಿಕೊಂಡ ಸಣ್ಣ ಕಂಪನಿಗಳು ಒಂದರ ಹಿಂದೆ ಒಂದು ಸುತ್ತಿ ಬಿಸಾಡಿದ ಬಂಗಲೆ ಮಿಸ್ಟರಿ. ಸುಮಾರು ಒಂದು ಗಂಟೆಯ ಚಿತ್ರ. ಒಂದು ಮನೆ, ಒಂದು ರಾತ್ರಿ, ಒಂದು ಉಯಿಲು, ಸಾಲುಗಟ್ಟಿದ ವಾರಸುದಾರರು, ಗೋಡೆಯಲ್ಲಿ ಗುಪ್ತ ಬಾಗಿಲು, ನೆಲಮಾಳಿಗೆಯಲ್ಲಿ ಒಂದು ವಾನರ. ಬೇರು ರಂಗಭೂಮಿಯಲ್ಲಿದೆ: 1920ರ 'ದಿ ಬ್ಯಾಟ್', 1922ರ 'ದಿ ಕ್ಯಾಟ್ ಅಂಡ್ ದಿ ಕ್ಯಾನರಿ' ನಾಟಕಗಳು. 1932ರಲ್ಲಿ ಯೂನಿವರ್ಸಲ್‌ಗೆ ಜೇಮ್ಸ್ ವೇಲ್ 'ದಿ ಓಲ್ಡ್ ಡಾರ್ಕ್ ಹೌಸ್' ಮಾಡಿದಾಗ ಅವನ ಕೈಯಲ್ಲಿ ದುಡ್ಡಿತ್ತು. ಅದೇ ವರ್ಷ ಮೊನೊಗ್ರಾಮ್ 'ದಿ ಥರ್ಟೀಂತ್ ಗೆಸ್ಟ್' ತೆಗೆಯಿತು, ಫ್ರಾಂಕ್ ಸ್ಟ್ರೇಯರ್ 'ದಿ ಮಾನ್‌ಸ್ಟರ್ ವಾಕ್ಸ್' ಮುಗಿಸಿದ. ಮರುವರ್ಷ ಬಂದ ಅವನದೇ 'ದಿ ವ್ಯಾಂಪೈರ್ ಬ್ಯಾಟ್' ಯೂನಿವರ್ಸಲ್‌ನ ಸೆಟ್‌ಗಳನ್ನೇ ಬಾಡಿಗೆಗೆ ಪಡೆದು ತೆಗೆದ ಚಿತ್ರ. ಸೆಟ್ಟಿಗೆ ದುಡ್ಡಿಲ್ಲದವರಿಗೆ ಕತ್ತಲೆ ಬಿಟ್ಟಿ ಸಿಗುತ್ತದೆ, ಗುಡುಗು ಮಿಂಚು ಹೆಚ್ಚುಕಡಿಮೆ ಬಿಟ್ಟಿ. ಇಂಥ ಚಿತ್ರದಲ್ಲಿ ಪ್ರೊಡಕ್ಷನ್ ವ್ಯಾಲ್ಯೂ ಅಂದರೆ ಮಿಂಚು, ಮಳೆ, ಮೋಂಬತ್ತಿ, ಜೇಡರಬಲೆ, ಗಾಳಿಯ ಸದ್ದು, ದೀಪ ಆರುವುದು, ಇಷ್ಟೇ.

ನಮ್ಮ ಸಾಫ್ಟ್‌ವೇರ್ ಹಾನಿ ಎಂದು ಗುರುತಿಸುವ ಪಟ್ಟಿಯೂ ಹೆಚ್ಚುಕಡಿಮೆ ಇದೇ.

ಡಸ್ಟ್ ಪಾಸ್, ಎಂದರೆ ಕೊಳೆ ತೆಗೆಯುವ ಸುತ್ತು, ಕೆಲಸ ಮಾಡುವ ರೀತಿ ನೋಡಿ. ಒಂದು ಫ್ರೇಮಿನಲ್ಲಿರುವ ವಸ್ತು ಹಿಂದಿನದರಲ್ಲೂ ಮುಂದಿನದರಲ್ಲೂ ಇಲ್ಲದಿದ್ದರೆ ಅದು ಕೊಳೆ. ತೆಗೆದು, ಅಕ್ಕಪಕ್ಕದ ಫ್ರೇಮಿನಿಂದ ಆ ಜಾಗ ತುಂಬು. ಮಳೆಯ ಗೆರೆ ಇರುವುದು ಒಂದೇ ಫ್ರೇಮ್. ಎಸೆದ ಚಾಕು ತೆರೆ ದಾಟುವುದು ಒಂದೆರಡು ಫ್ರೇಮಿನಲ್ಲಿ. ಮೋಂಬತ್ತಿಯ ಜ್ವಾಲೆಯ ತುದಿ ಪ್ರತಿ ಫ್ರೇಮಿನಲ್ಲೂ ಬೇರೆ ಕಡೆ ಇರುವುದರಿಂದ ಮೋಷನ್ ಎಸ್ಟಿಮೇಷನ್‌ಗೆ (ವಸ್ತು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬ ಲೆಕ್ಕಕ್ಕೆ) ಅದು ಸಿಗುವುದೇ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಗೋಡೆಯ ಭಾವಚಿತ್ರದ ಕಣ್ಣು. ಚಿತ್ರಪಟದ ಕಣ್ಣು ಕತ್ತರಿಸಿ ಹಿಂದೆ ಕೊಲೆಗಾರ ನಿಂತು ನೋಡುತ್ತಾನಲ್ಲ, ಆ ಶಾಟ್‌ನಲ್ಲಿ ಇಡೀ ಫ್ರೇಮ್ ನಿಶ್ಚಲ, ಅಲುಗಾಡುವುದು ಎರಡು ಬಿಳಿ ಚುಕ್ಕೆ ಮಾತ್ರ. ಸಾಫ್ಟ್‌ವೇರ್‌ಗೆ ಇದಕ್ಕಿಂತ ಸ್ಪಷ್ಟವಾದ ಕೊಳೆ ಇನ್ನೊಂದಿಲ್ಲ. ಕಣ್ಣು ಹೊರಳುವ ಫ್ರೇಮುಗಳಲ್ಲಿ ಹೊಳಪನ್ನು ನೀಟಾಗಿ ಒರೆಸಿತ್ತು. ಭಾವಚಿತ್ರ ಭಾವಚಿತ್ರವಾಗಿಯೇ ಉಳಿಯಿತು.

ಡಿಫ್ಲಿಕರ್, ಎಂದರೆ ಹಳೇ ಫಿಲ್ಮಿನ ಬೆಳಕಿನ ಮಿಣುಕನ್ನು (ಫ್ಲಿಕರ್) ಸಮ ಮಾಡುವ ಪಾಸ್, ಇನ್ನೂ ನಾಜೂಕಾಗಿ ಕೆಡಿಸುತ್ತದೆ. ಡಸ್ಟ್ ಪಾಸ್‌ಗಿಂತ ಮೊದಲು ಡಿಫ್ಲಿಕರ್ ಓಡಿಸಲೇಬೇಕು, ಇಲ್ಲದಿದ್ದರೆ ಬೆಳಕಿನ ಏರಿಳಿತವನ್ನೆಲ್ಲ ಕೊಳೆ ಎಂದು ಹಿಡಿಯುತ್ತದೆ. ಆದರೆ ಅದು ಅಕ್ಕಪಕ್ಕದ ಕೆಲವು ಫ್ರೇಮಿನ ಸರಾಸರಿಗೆ ಹೊಳಪನ್ನು ಎಳೆದು ತರುವ ಹತ್ಯಾರ. ಆ ಕಾಲದ ಸೆಟ್ಟಿನ ಮಿಂಚು ಎಂದರೆ ಎರಡು ಕಾರ್ಬನ್ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಎಳೆದಾಗ ಹೊಮ್ಮುವ ಆರ್ಕ್. ಫಿಲ್ಮಿನ ಮೇಲೆ ಕೆಲವೇ ಫ್ರೇಮ್ ಉಳಿಯುತ್ತದೆ. ಸರಾಸರಿಗೆ ಎಳೆದರೆ ಬೂದುಬಣ್ಣದ ಒಂದು ಉಸಿರಿನಷ್ಟು ಉಳಿಯುತ್ತದೆ, ಉಳಿದದ್ದನ್ನು ಡಸ್ಟ್ ಪಾಸ್ ನುಂಗುತ್ತದೆ. ಎರಡು ಪಾಸ್ ಸೇರಿ ಕೊಲೆ ಮಾಡಿದರೆ ಲಾಗ್‌ನಲ್ಲಿ ಯಾರ ಬೆರಳಚ್ಚೂ ಸಿಗುವುದಿಲ್ಲ.

ಮಿಂಚೋ ಫ್ಲಿಕರೋ ಎಂದು ಗುರುತಿಸುವುದು ಕಷ್ಟವಲ್ಲ, ಮನುಷ್ಯ ನೋಡಬೇಕು ಅಷ್ಟೆ. ಫ್ಲಿಕರ್ ಇಡೀ ಫ್ರೇಮನ್ನು ಒಂದೇ ಸಮ ಏರಿಸುತ್ತದೆ. ಮಿಂಚಿಗೆ ದಿಕ್ಕಿರುತ್ತದೆ: ಕಿಟಕಿ ಸರಳಿನ ನೆರಳು ಎದುರು ಗೋಡೆಗೆ ಹಾರುತ್ತದೆ, ಮುಖದ ಒಂದೇ ಪಕ್ಕ ಬೆಳಗುತ್ತದೆ. ಶಾಟ್‌ನ ಮೊದಲ ಅಥವಾ ಕೊನೆಯ ಫ್ರೇಮ್ ಮಾತ್ರ ಸುಟ್ಟಂತೆ ಬೆಳ್ಳಗಿದ್ದರೆ ಅದು ಮಿಂಚಲ್ಲ, ಕ್ಯಾಮೆರಾ ವೇಗ ಹಿಡಿಯುವಾಗಿನ ಫ್ಲ್ಯಾಶ್ ಫ್ರೇಮ್. ಇನ್ನೂ ಬೇಗ ಹುಡುಕಬೇಕೆಂದರೆ ಚಿತ್ರ ಬಿಟ್ಟು ಆಡಿಯೋ ವೇವ್‌ಫಾರ್ಮ್ (ಸದ್ದಿನ ಏರಿಳಿತದ ಗೆರೆ) ತೆರೆಯಿರಿ. ಗುಡುಗಿನ ಪೀಕ್ ಕಣ್ಣಿಗೆ ಹೊಡೆಯುತ್ತದೆ. ಪ್ರತಿ ಪೀಕ್‌ನಿಂದ ಒಂದೆರಡು ಸೆಕೆಂಡ್ ಹಿಂದಕ್ಕೆ ಹೋದರೆ ಮಿಂಚು ಸಿಗುತ್ತದೆ. ಆ ಶಾಟ್‌ಗಳನ್ನು ಆಟೋ ಪಾಸ್‌ಗೆ ಮೊದಲೇ ಲಾಕ್ ಮಾಡಿ, ಕೈಯಲ್ಲಿ ಮಾಡಿ. ಒಂದು ಗಂಟೆಯ ಚಿತ್ರಕ್ಕೆ ಈ ಮಾರ್ಕಿಂಗ್ ಅರ್ಧ ದಿನದ ಕೆಲಸ. ಶೆಡ್ಯೂಲ್‌ನಲ್ಲಿ ಆ ಅರ್ಧ ದಿನಕ್ಕೆ ಕಾಲಂ ಇಲ್ಲ, ಯಾಕೆಂದರೆ ಟಾರ್ಗೆಟ್ ಇರುವುದು ರನ್ನಿಂಗ್ ಮಿನಿಟ್‌ನಲ್ಲಿ.

ಸೋರ್ಸ್ ಬಗ್ಗೆಯೂ ಒಂದು ಮಾತು. ಈ ಚಿತ್ರಗಳ ಎಷ್ಟೋ ಕಾಪಿರೈಟ್‌ಗಳನ್ನು 28 ವರ್ಷದ ನಂತರ ಯಾರೂ ರಿನ್ಯೂ ಮಾಡಲಿಲ್ಲ. ಯಾರು ಬೇಕಾದರೂ ಪ್ರಿಂಟ್ ಹೊಡೆಯಬಹುದಾಯಿತು, ಹೊಡೆದರು. ಹಾಗಾಗಿ ಕೈಗೆ ಬರುವುದು ಬಹುಪಾಲು 16 ಎಂಎಂ ಪ್ರಿಂಟು, ಅದೂ ಡ್ಯೂಪಿನ ಡ್ಯೂಪು, ನಕಲಿನ ನಕಲು. ಪ್ರತಿ ತಲೆಮಾರಿಗೂ ಕಾಂಟ್ರಾಸ್ಟ್ ಏರುತ್ತದೆ, ನೆರಳಿನ ವಿವರ ಸಾಯುತ್ತದೆ. ಪ್ರಿಂಟಿನ ಮೇಲಿನ ಕೊಳೆ ಕಪ್ಪಾಗಿ ಕಾಣುತ್ತದೆ. ನೆಗೆಟಿವ್ ಮೇಲಿದ್ದು ಪ್ರಿಂಟಾದ ಕೊಳೆ ಬಿಳಿ. ಕತ್ತಲೆ ಚಿತ್ರದಲ್ಲಿ ಉರಿಯುವುದು ಈ ಬಿಳಿ ಚುಕ್ಕೆಗಳೇ. ಆದ್ದರಿಂದ ಡಸ್ಟ್ ಪಾಸನ್ನು ಕಪ್ಪಿಗೊಂದು ಬಿಳಿಗೊಂದು ಎಂದು ಒಡೆದು, ಬಿಳಿಯದರ ಸೈಜ್ ಮಿತಿಯನ್ನು ಚಿಕ್ಕದಿಟ್ಟರೆ ಮೋಂಬತ್ತಿಗಳು ಬಹುತೇಕ ಬದುಕುತ್ತವೆ. ಮಳೆ ಬದುಕುವುದಿಲ್ಲ, ಅದಕ್ಕೆ ಕಿಟಕಿ ಸುತ್ತ ಮಾಸ್ಕ್ ಬೇಕೇ ಬೇಕು.

ಇನ್ನು ಕತ್ತಲೆ. ಇಂಥ ಚಿತ್ರದಲ್ಲಿ ಒಮ್ಮೆಯಾದರೂ ದೀಪ ಆರುತ್ತದೆ, ಕಪ್ಪು ತೆರೆಯಲ್ಲಿ ಕುರ್ಚಿ ಬೀಳುವ ಸದ್ದು, ಯಾರೋ ನರಳುವುದು, ಮತ್ತೆ ದೀಪ ಬಂದಾಗ ಒಂದು ಹೆಣ. ಆಟೋ ಕ್ಯೂಸಿ (ಗುಣಮಟ್ಟ ಪರೀಕ್ಷಿಸುವ ಸಾಫ್ಟ್‌ವೇರ್) ಇದನ್ನು 'ಬ್ಲ್ಯಾಕ್ ಫ್ರೇಮ್ಸ್' ಎಂದು ಕೆಂಪು ಹೊಡೆಯುತ್ತದೆ. ಕೆಂಪು ಇದ್ದರೆ ಡೆಲಿವರಿ ಆಗುವುದಿಲ್ಲ, ಡೆಲಿವರಿ ಆಗದಿದ್ದರೆ ಫೋನ್ ಬರುತ್ತದೆ. ಆಗ ಸುಲಭಕ್ಕೆ ಸಿಗುವ ಮದ್ದು ಲಿಫ್ಟ್ ಏರಿಸುವುದು, ಎಂದರೆ ಕಪ್ಪನ್ನು ಬೆಳಗಿಸುವುದು. ಏರಿಸಿದರೆ ಕೆಂಪು ಹೋಗುತ್ತದೆ, ಬದಲಿಗೆ ಕುದಿಯುವ ಗ್ರೇನ್ (ಫಿಲ್ಮಿನ ಕಣ), ಬಿಳಿ ಚುಕ್ಕೆಗಳ ಜಾತ್ರೆ, ರಬ್ಬರ್ ಬಾವಲಿಯ ತಂತಿ ಎಲ್ಲ ಎದ್ದು ಬರುತ್ತವೆ. ಅದೃಷ್ಟ ಕೆಟ್ಟಿದ್ದರೆ ಕೊಲೆಗಾರ ಯಾರೆಂಬುದೂ ಕಾಲು ಗಂಟೆ ಮುಂಚೆ ಗೊತ್ತಾಗುತ್ತದೆ. ತಂತಿ ಕಂಡರೆ ಅಳಿಸಬೇಡಿ, ಅದು 1930ರ ದಶಕದ ಆಸ್ತಿ. ಕಪ್ಪನ್ನು ಅದರ ಜಾಗಕ್ಕೆ ಇಳಿಸಿ, ತಾನಾಗಿ ಮರೆಯಾಗುತ್ತದೆ.

ಫ್ರೇಮಿಂಗ್ ಬಗ್ಗೆ ಚಿಕ್ಕದಾಗಿ: ಅಕಾಡೆಮಿಯ 1.37 ಅನುಪಾತ (ಎತ್ತರಕ್ಕೆ ಅಗಲದ ಲೆಕ್ಕ) ರೂಢಿಗೆ ಬಂದದ್ದು 1932ರಿಂದ. ಅದಕ್ಕೂ ಮುಂಚಿನ ಸೌಂಡ್ ಚಿತ್ರ ಸುಮಾರು 1.19ರ ಚೌಕಕ್ಕೆ ಕಂಪೋಸ್ ಆಗಿರಬಹುದು. ಪಾತ್ರಗಳ ನೆತ್ತಿ ಕತ್ತರಿಸಿದಂತಿದ್ದರೆ ಕ್ಯಾಮೆರಾಮನ್‌ನನ್ನು ಬೈಯುವ ಮೊದಲು ಕ್ರಾಪ್ ನೋಡಿ.

ಆಡಿಯೋ ರೂಮಿನ ಕಥೆ ಪ್ರತ್ಯೇಕ. ಆಗ ಬಡ ಕಂಪನಿಗಳ ಚಿತ್ರದಲ್ಲಿ ಸಂಗೀತ ಇರುತ್ತಿದ್ದದ್ದು ಟೈಟಲ್‌ಗೂ 'ದಿ ಎಂಡ್'ಗೂ, ನಡುವೆ ಹೆಚ್ಚುಕಡಿಮೆ ಮೌನ. ಮೌನ ಎಂದರೆ ಟ್ರ್ಯಾಕಿನ ಸುಯ್ಯೆನ್ನುವ ಸದ್ದು, ಹಿಂದೆ ಗಾಳಿ ಯಂತ್ರ, ಎಂದರೆ ಕ್ಯಾನ್ವಾಸ್ ಹೊದಿಸಿದ ಡ್ರಮ್ಮನ್ನು ತಿರುಗಿಸಿ ಹುಟ್ಟಿಸಿದ ಸದ್ದು. ಡಿನಾಯ್ಸ್‌ಗೆ (ಗದ್ದಲ ತೆಗೆಯುವ ಪಾಸ್‌ಗೆ) ನಾಯ್ಸ್ ಪ್ರಿಂಟ್, ಎಂದರೆ ಬರೀ ಗದ್ದಲದ ಮಾದರಿ ಬೇಕಲ್ಲ, ಮಾತಿಲ್ಲದ ಜಾಗ ಹುಡುಕಿ ಮೂರು ಸೆಕೆಂಡ್ ಸ್ಯಾಂಪಲ್ ತೆಗೆದಿದ್ದಾರೆ. ಆ ಮೂರು ಸೆಕೆಂಡ್ ಬಿರುಗಾಳಿಯದು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ ಇಡೀ ಚಿತ್ರದಿಂದ ಗಾಳಿ ಹೋಯಿತು. ಪರದೆ ಹಾರುತ್ತದೆ, ಸದ್ದಿಲ್ಲ. ನಾಯ್ಸ್ ಪ್ರಿಂಟನ್ನು ಟೈಟಲ್‌ಗೆ ಮುಂಚಿನ ಮೌನದಿಂದ ತೆಗೆಯಬೇಕು, ಅಥವಾ ರೀಲ್ ಕೊನೆಯ ಫೇಡ್‌ಔಟ್‌ನಿಂದ. ಪ್ರತಿ ರೀಲಿಗೂ ಬೇರೆ.

ಹಮ್ (ಕರೆಂಟಿನ ಗುಂಯ್ ಸದ್ದು) ಇದ್ದರೆ ಅಮೆರಿಕದ ಕರೆಂಟ್ ಲೈನು, 60 ಹರ್ಟ್ಸ್ ಮತ್ತು ಅದರ ಮಗ್ಗಿ. ನಾಚ್ (ಆ ಸ್ವರಗಳನ್ನಷ್ಟೇ ಕತ್ತರಿಸುವ ಫಿಲ್ಟರ್) ಹಾಕಿದ ಮೇಲೂ ಗುರ್ ಎನ್ನುತ್ತಿದ್ದರೆ 96 ನೋಡಿ: 35 ಎಂಎಂನಲ್ಲಿ ಫಿಲ್ಮಿನ ಅಂಚಿಗೆ ಫ್ರೇಮಿಗೆ ನಾಲ್ಕು ರಂಧ್ರ, ಸೆಕೆಂಡಿಗೆ 24 ಫ್ರೇಮ್. ಪ್ರಿಂಟ್ 16 ಎಂಎಂ ಆಗಿದ್ದರೂ ಮೂಲದ ರಂಧ್ರಗಳ ಸದ್ದು ಜೊತೆಗೇ ಬಂದಿರುತ್ತದೆ. ಮೇಲ್ತುದಿಯಲ್ಲಿ ಸುಮಾರು 6 ಕಿಲೋಹರ್ಟ್ಸ್ ದಾಟಿದ ಮೇಲೆ 16 ಎಂಎಂ ಟ್ರ್ಯಾಕಿನಲ್ಲಿ ಉಳಿಸಿಕೊಳ್ಳುವಂಥದ್ದು ಇಲ್ಲ, ಧೈರ್ಯವಾಗಿ ಇಳಿಸಿ. ಆದರೆ ಡಿಜಿಟಲ್ ಸೊನ್ನೆಗೆ ಎಲ್ಲೂ ಇಳಿಸಬೇಡಿ. ಕಟ್‌ಗಳ ನಡುವೆ ಹಿಸ್ ಇದ್ದು ಇದ್ದು ಮಾಯವಾದರೆ ಕೇಳುವವರಿಗೆ ತಮ್ಮ ಸ್ಪೀಕರ್ ಕೆಟ್ಟಿದೆ ಅನ್ನಿಸುತ್ತದೆ.

ಸ್ಪ್ಲೈಸ್ (ಕತ್ತರಿಸಿ ಅಂಟಿಸಿದ ಜಾಗ) ವಿಷಯದಲ್ಲಿ ಮಾತ್ರ ಈ ಮಾಧ್ಯಮ ಪ್ರಾಮಾಣಿಕ. ಫಿಲ್ಮಿನ ಮೇಲೆ ಸದ್ದು ತನ್ನ ಚಿತ್ರದ ಪಕ್ಕದಲ್ಲೇ ಇರುವುದಿಲ್ಲ, ಕೆಲವು ಫ್ರೇಮ್ ದೂರದಲ್ಲಿರುತ್ತದೆ. ಚಿತ್ರ ಜಿಗಿದ ಜಾಗದಿಂದ 26 ಫ್ರೇಮ್ ಆದಮೇಲೆ ಸದ್ದು ಜಿಗಿದರೆ ಕತ್ತರಿ ಬಿದ್ದದ್ದು ಈ 16 ಎಂಎಂ ಪ್ರಿಂಟಿಗೇ. ಸುಮಾರು 20 ಫ್ರೇಮ್ ಆದಮೇಲೆ ಜಿಗಿದರೆ ನಷ್ಟ ಆದದ್ದು ಹಿಂದಿನ 35 ಎಂಎಂ ಪ್ರಿಂಟಿನಲ್ಲಿ. ಮೊದಲನೆಯದಾದರೆ ಬೇರೆ 16 ಎಂಎಂ ಪ್ರಿಂಟ್ ತರಿಸಿ ಎಂದು ಕ್ಲೈಂಟ್‌ಗೆ ಬರೆಯಬಹುದು. ಎರಡನೆಯದಾದರೆ ಅದೇ ಮನೆತನದ ಇನ್ನೊಂದು ಪ್ರಿಂಟ್ ತರಿಸಿಯೂ ಪ್ರಯೋಜನವಿಲ್ಲ. ಕಳೆದ ಫ್ರೇಮುಗಳ ಜಾಗ ತುಂಬಿಸುವಾಗ ಚಿತ್ರದ ತೂತೂ ಸದ್ದಿನ ತೂತೂ ಒಂದೇ ಕಡೆ ಇಲ್ಲ ಎಂಬುದು ನೆನಪಿರಲಿ. ಇದನ್ನು ಮರೆತು ಒಟ್ಟಿಗೆ ತುಂಬಿದರೆ ಮುಂದಿನ ಒಂದು ಸೆಕೆಂಡ್ ತುಟಿ ಒಂದು ಹೇಳುತ್ತದೆ, ಸದ್ದು ಇನ್ನೊಂದು.

ರಿವ್ಯೂ ಆದ ಮೇಲೆ ಮೀಟಿಂಗ್ ಆಯಿತು. ಮಿಂಚು ಗುರುತಿಸುವ ಹೊಸ ಪ್ಲಗಿನ್ ಕೊಳ್ಳುವ ಮಾತು ಬಂತು. ಅರ್ಧ ದಿನ ಕೊಡಿ ಸಾಕು ಎಂದರೆ ಅದಕ್ಕೆ ಬಜೆಟ್ ಕೋಡ್ ಇಲ್ಲವಂತೆ, ಪ್ಲಗಿನ್‌ಗೆ ಇದೆಯಂತೆ. ಸದ್ಯಕ್ಕೆ ಮಾಡಿರುವ ವ್ಯವಸ್ಥೆ ಇದು: ಜಾಬ್ ಟಿಕೆಟ್ಟಿನಲ್ಲಿ 'ರಾತ್ರಿ', 'ಮಳೆ', 'ಮೋಂಬತ್ತಿ' ಮೂರರಲ್ಲಿ ಒಂದಕ್ಕೆ ಟಿಕ್ ಬಿದ್ದರೂ ಹೆವಿ ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ಬಿರುಸಿನ ಸೆಟ್ಟಿಂಗ್) ಓಡುವಂತಿಲ್ಲ. ಡಿಫ್ಲಿಕರ್ ಶಾಟ್ ಲೆಕ್ಕದಲ್ಲಿ, ಡಸ್ಟ್ ಬಣ್ಣದ ಲೆಕ್ಕದಲ್ಲಿ. ಏನನ್ನು ತೆಗೆದಿದ್ದೇವೆ ಎಂಬುದಷ್ಟನ್ನೇ ತೋರಿಸುವ ಡಿಫರೆನ್ಸ್ ಫೈಲ್ ಒಂದನ್ನು ಹೊರತೆಗೆದು, ಚಿತ್ರಕ್ಕಿಂತ ಮೊದಲು ಅದನ್ನು ನೋಡಬೇಕು. ಅದರಲ್ಲಿ ಬರೀ ಚುಕ್ಕೆ ಗೆರೆಗಳಿದ್ದರೆ ಸರಿ. ಮುಖ, ಕೈ, ಕಿಟಕಿಯ ಆಕಾರ ಕಂಡರೆ ಆ ಶಾಟ್ ವಾಪಸ್. ದೀಪ ಆರುವ ದೃಶ್ಯಗಳಿಗೆ ಕ್ಯೂಸಿ ವೇವರ್ (ವಿನಾಯಿತಿ) ಶೀಟಿನಲ್ಲಿ ಇನ್ ಮತ್ತು ಔಟ್ ಟೈಮ್‌ಕೋಡ್ ಬರೆದು, ಎದುರಿಗೆ 'ಉದ್ದೇಶಪೂರ್ವಕ ಕತ್ತಲೆ' ಎಂದು ಹಾಕಿ, ಡೆಲಿವರಿಗೆ ಮೊದಲೇ ಕ್ಲೈಂಟ್ ಸಹಿ ಪಡೆಯಬೇಕು. ಡೆಲಿವರಿ ಆದ ಮೇಲೆ ಕೇಳಿದರೆ ಯಾರೂ ಹಾಕುವುದಿಲ್ಲ.